ಆಟಿಸಂ ಮತ್ತು ಮನೆಮಾತು



ಏಪ್ರಿಲ್ 2 ಬಂತೆಂದರೆ ಕಟ್ಟಡಗಳ ಮೇಲೆ ನೀಲಿ ದೀಪ ಹತ್ತುತ್ತದೆ, ಶಾಲೆ ಮಕ್ಕಳ ಜಾಥಾ ಹೊರಡುತ್ತದೆ, ಬ್ಯಾನರ್ ಹಿಡಿದು ನಿಂತವರ ಫೋಟೋ ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬರುತ್ತದೆ. ವಿಶ್ವಸಂಸ್ಥೆಯ ಮಹಾಸಭೆ 2007ರಲ್ಲಿ ಮಾಡಿದ ನಿರ್ಣಯದಂತೆ 2008ರಿಂದ ಆ ದಿನವನ್ನು ಆಟಿಸಂ ಅರಿವಿನ ದಿನವಾಗಿ ಆಚರಿಸಲಾಗುತ್ತಿದೆ. ಇದರಿಂದ ಉಪಕಾರವಾಗಿಲ್ಲ ಎನ್ನಲಾರೆ. ಇಪ್ಪತ್ತು ವರ್ಷದ ಹಿಂದೆ ಆಟಿಸಂ ಎಂಬ ಹೆಸರನ್ನೇ ಕೇಳದಿದ್ದ ಊರುಗಳಲ್ಲಿ ಈಗ ಆ ಹೆಸರು ಗೊತ್ತು. ಆದರೆ ಹೆಸರು ಗೊತ್ತಾಗುವುದು ಬೇರೆ, ಎದುರಿಗೆ ಕೂತ ಮಗು ಅರ್ಥವಾಗುವುದು ಬೇರೆ. ಈ ಎರಡರ ನಡುವೆ ಉಳಿದಿರುವ ದೂರದಲ್ಲಿ ಬಹುಪಾಲು ಭಾಷೆಯ ದೂರ ಎಂಬುದು ಇವತ್ತು ನಾನು ಮಂಡಿಸಬೇಕೆಂದಿರುವ ವಾದ. ಆಟಿಸಂ ಇರುವ ಮಗುವನ್ನು ಬೆಳೆಸುವುದಕ್ಕೂ ಆ ಮಗುವಿನ ಬಗ್ಗೆ ಊರಿಗೆ ತಿಳಿಹೇಳುವುದಕ್ಕೂ ಮನೆಮಾತೇ ಮೊದಲ ಸಾಧನ. ಆ ಸಾಧನವನ್ನು ನಾವು ಎರಡು ಕಡೆಯೂ ಬದಿಗಿಟ್ಟಿದ್ದೇವೆ. ಮಗುವಿನ ಮುಂದೆ ಮನೆಮಾತು ಆಡಬೇಡಿ ಎಂದು ಪೋಷಕರಿಗೆ ಹೇಳುತ್ತೇವೆ. ಪೋಷಕರಿಗೆ ತಿಳಿಸಬೇಕಾದ್ದನ್ನು ಅವರ ಮಾತಿನಲ್ಲಿ ಹೇಳುವುದಿಲ್ಲ.

ಮೊದಲು ವಿಷಯವನ್ನೇ ಹತ್ತಿರದಿಂದ ನೋಡೋಣ. ಸಂಜೆ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಅಂಗಳಕ್ಕೋ ತಾರಸಿಗೋ ಬಂದು, ಚಂದಮಾಮನನ್ನು ತೋರಿಸಿ ತುತ್ತು ಉಣ್ಣಿಸುವುದು ನಮ್ಮ ಮನೆಗಳ ಹಳೆಯ ರೂಢಿ. ತಾಯಿ ಬೆರಳೆತ್ತುತ್ತಾಳೆ. ಮಗು ಬೆರಳನ್ನು ನೋಡದೆ ಬೆರಳು ತೋರಿದ ಕಡೆ ನೋಡುತ್ತದೆ, ಆಮೇಲೆ ತಾಯಿಯ ಮುಖಕ್ಕೆ ತಿರುಗಿ ನಗುತ್ತದೆ. ನಾನೂ ನೋಡಿದೆ, ನೀನೂ ನೋಡಿದೆ, ಇಬ್ಬರೂ ಒಂದನ್ನೇ ನೋಡಿದೆವು ಎಂಬ ಒಪ್ಪಂದ ಆ ನಗುವಿನಲ್ಲಿದೆ. ಮನೋವಿಜ್ಞಾನಿಗಳು ಇದನ್ನು ಹಂಚಿಕೊಂಡ ಗಮನ ಎನ್ನುತ್ತಾರೆ. ಮಾತು ಹುಟ್ಟುವುದು ಈ ಒಪ್ಪಂದದ ಮೇಲೆ. ಇಬ್ಬರೂ ಒಂದೇ ವಸ್ತುವನ್ನು ನೋಡುತ್ತಿರುವಾಗ ತಾನೆ ಅದರ ಹೆಸರು ಮಗುವಿಗೆ ಅಂಟುವುದು? ಆಟಿಸಂ ಇರುವ ಬಹಳಷ್ಟು ಮಕ್ಕಳಲ್ಲಿ ಎಡರು ಎದುರಾಗುವುದು ಈ ಮೊದಲ ಮೆಟ್ಟಿಲಲ್ಲೇ. ವರ್ಷ ತುಂಬುವ ಹೊತ್ತಿಗೂ ಬೆರಳು ಮಾಡಿ ತೋರಿಸುವುದಿಲ್ಲ, ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ, ಟಾಟಾ ಮಾಡುವುದಿಲ್ಲ. ಹದಿನಾರು ತಿಂಗಳಾದರೂ ಒಂದು ಪದವಿಲ್ಲ, ಎರಡು ವರ್ಷವಾದರೂ ಎರಡು ಪದ ಸೇರಿಸಿ ಸ್ವಂತವಾಗಿ ಏನನ್ನೂ ಹೇಳುವುದಿಲ್ಲ. ಕೆಲವು ಮಕ್ಕಳಲ್ಲಿ ಬಂದ ಮಾತೇ ಹಿಂದೆ ಸರಿಯುತ್ತದೆ. ಇದರ ಜೊತೆಗೆ ಒಂದೇ ಆಟ, ಒಂದೇ ದಾರಿ, ಒಂದೇ ತಟ್ಟೆಯ ಹಟ. ಮಿಕ್ಸಿ ಸದ್ದಿಗೆ ಕಿವಿ ಮುಚ್ಚಿಕೊಳ್ಳುವುದು, ಅಂಗಿಯ ಕತ್ತಿನ ಲೇಬಲ್ ಚುಚ್ಚಿದರೆ ದಿನವಿಡೀ ಅಳುವುದು. ಇವೆಲ್ಲ ಎಲ್ಲ ಮಕ್ಕಳಲ್ಲೂ ಇರುವುದಿಲ್ಲ, ಒಂದೇ ಪ್ರಮಾಣದಲ್ಲೂ ಇರುವುದಿಲ್ಲ. ಆಟಿಸಂ ಒಂದು ಹರವು ಎನ್ನುವುದು ಅದಕ್ಕೇ.

ಮಾತು ಬಂದ ಮಕ್ಕಳಲ್ಲೂ ಭಾಷೆಯ ಎಡರು ಮುಗಿಯುವುದಿಲ್ಲ. ಆ ಎಡರು ಕನ್ನಡದಲ್ಲಿ ಕನ್ನಡದ್ದೇ ರೂಪ ತಾಳುತ್ತದೆ. ಕೇಳಿದ್ದನ್ನು ಕೇಳಿದ ಹಾಗೇ ತಿರುಗಿ ಹೇಳುವುದು ಆಟಿಸಂನ ಪರಿಚಿತ ಲಕ್ಷಣ. ತಾಯಿ ದಿನವೂ "ಹಾಲು ಕುಡೀತೀಯಾ?" ಎಂದು ಕೇಳಿ ಲೋಟ ಕೊಡುತ್ತಾಳೆ ಎನ್ನಿ. ಹಾಲು ಬೇಕಾದಾಗ ಮಗುವೂ ಅಮ್ಮನ ರಾಗದಲ್ಲೇ "ಹಾಲು ಕುಡೀತೀಯಾ?" ಎನ್ನುತ್ತದೆ. ಕನ್ನಡದಲ್ಲಿ ನಾನು-ನೀನು ಎಂಬ ಪದ ಬಾರದಿದ್ದರೂ ಕ್ರಿಯಾಪದದ ಬಾಲದಲ್ಲೇ ನಾನೋ ನೀನೋ ಎಂಬುದು ಕೂತಿರುತ್ತದೆ. ಹಾಗಾಗಿ ಸರ್ವನಾಮ ತಿದ್ದಿಕೊಟ್ಟರೆ ಸಾಲದು, "ಕುಡೀತೀಯಾ" ಎನ್ನುವುದನ್ನು "ಕುಡೀತೀನಿ" ಮಾಡುವುದನ್ನೂ ಕಲಿಸಬೇಕಾಗುತ್ತದೆ. ಇನ್ನು ನುಡಿಗಟ್ಟಿನ ಮಾತು. "ತಲೆ ತಿನ್ನಬೇಡ" ಎಂದರೆ, ಅಕ್ಷರದ ಅರ್ಥವನ್ನಷ್ಟೇ ಹಿಡಿಯುವ ಮಗು ತಾನು ಯಾರ ತಲೆಯನ್ನೂ ತಿಂದಿಲ್ಲವಲ್ಲ ಎಂದು ಗಾಬರಿಯಾಗಬಹುದು. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ನಾವು ಬೀಳ್ಕೊಳ್ಳುವ ಬಗೆ. ಹೊರಡುವವರು "ಹೋಗ್ತೀನಿ" ಎನ್ನುವುದು ಅಶುಭ, ಹಾಗಾಗಿ "ಬರ್ತೀನಿ" ಎಂದು ಹೇಳಿ ಹೋಗುತ್ತಾರೆ. ಆ ಮಾತನ್ನು ನೇರವಾಗಿ ನಂಬಿದ ಮಗು ಬಾಗಿಲ ಬಳಿ ಕಾದು ನಿಂತರೆ, ಬಾರದ ನೆಂಟರಿಗಾಗಿ ರಂಪ ಮಾಡಿದರೆ, ಅದು ಹಟವೆಂದು ಗದರುವುದು ಸುಲಭ. ಮಗು ನಮ್ಮ ಮಾತನ್ನು ನಮಗಿಂತ ಪ್ರಾಮಾಣಿಕವಾಗಿ ತೆಗೆದುಕೊಂಡಿದೆ ಎಂದು ಕಾಣಬೇಕಾದರೆ ಕನ್ನಡ ಗೊತ್ತಿರಬೇಕು, ಆಟಿಸಂ ಕೂಡ ಗೊತ್ತಿರಬೇಕು. ಇಂಗ್ಲಿಷಿನ ಯಾವ ಕೈಪಿಡಿಯಲ್ಲೂ ಈ ಉದಾಹರಣೆ ಸಿಗುವುದಿಲ್ಲ.

ಈ ವಿಜ್ಞಾನ ಶುರುವಾದದ್ದು ಒಂದು ಮನೆಯ ಮಾತಿನಿಂದಲೇ. 1943ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಮಕ್ಕಳ ಮನೋವೈದ್ಯ ಲಿಯೊ ಕ್ಯಾನರ್ 11 ಮಕ್ಕಳ ವಿವರ ಕೊಟ್ಟು ಬರೆದ ಪ್ರಬಂಧವನ್ನು ಆಟಿಸಂ ಅಧ್ಯಯನದ ಆರಂಭವೆಂದು ಎಣಿಸುವುದು ವಾಡಿಕೆ. ಅದಕ್ಕೂ ಮುನ್ನ, 1925ರಲ್ಲೇ, ಸೋವಿಯತ್ ಒಕ್ಕೂಟದ ಗ್ರೂನ್ಯಾ ಸುಖರೇವಾ ಇಂಥ ಹುಡುಗರ ಬಗ್ಗೆ ಬರೆದಿದ್ದರು. ಕ್ಯಾನರ್ ಪ್ರಬಂಧದ ಮೊದಲ ಮಗು ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನ ಡೊನಾಲ್ಡ್ ಟ್ರಿಪ್ಲೆಟ್. ಮಗನನ್ನು 1938ರಲ್ಲಿ ಬಾಲ್ಟಿಮೋರ್‌ಗೆ ಕರೆತರುವ ಮೊದಲು ಅವನ ತಂದೆ 33 ಪುಟಗಳ ಪತ್ರ ಬರೆದು ಕಳಿಸಿದ್ದರು. ಮಗ ಏನು ತಿನ್ನುತ್ತಾನೆ, ಏನನ್ನು ತಿರುಗಿಸುತ್ತಾನೆ, ಯಾವ ಮಾತನ್ನು ಯಾವಾಗ ಹೇಳುತ್ತಾನೆ ಎಂಬೆಲ್ಲ ವಿವರ ಅದರಲ್ಲಿತ್ತು. ಕ್ಯಾನರ್ ತಮ್ಮ ಪ್ರಬಂಧದಲ್ಲಿ ಆ ಪತ್ರವನ್ನು ಧಾರಾಳವಾಗಿ ಬಳಸಿಕೊಂಡರು. ಅಂದರೆ ಆಟಿಸಂ ಕುರಿತ ಆಧುನಿಕ ತಿಳಿವಳಿಕೆಯ ತಳದಲ್ಲಿ, ತನ್ನ ಮಗನನ್ನು ಗಮನವಿಟ್ಟು ನೋಡಿ, ಕಂಡದ್ದನ್ನು ತನ್ನ ಮಾತಿನಲ್ಲಿ ಬರೆದಿಟ್ಟ ಒಬ್ಬ ತಂದೆ ಇದ್ದಾರೆ. ಡೊನಾಲ್ಡ್ ಮುಂದೆ ಅದೇ ಊರಿನ ಬ್ಯಾಂಕಿನಲ್ಲಿ ಕೆಲಸ ಮಾಡಿದರು, ಗಾಲ್ಫ್ ಆಡಿದರು, ದೇಶವಿದೇಶ ಸುತ್ತಿದರು. 2023ರಲ್ಲಿ, 89ನೇ ವಯಸ್ಸಿನಲ್ಲಿ, ತೀರಿಕೊಂಡರು. ಊರಿನವರು ಅವರ ರೀತಿಗೆ ಹೊಂದಿಕೊಂಡಿದ್ದರು ಎಂಬುದನ್ನು ಅವರ ಬಗ್ಗೆ ಬರೆದವರೆಲ್ಲ ಹೇಳಿದ್ದಾರೆ. ಅರಿವು ಎಂದರೆ ಕೊನೆಗೆ ಅದೇ.

ಆದರೆ ಪೋಷಕರ ಮಾತಿನ ಮೇಲೆ ಕಟ್ಟಿದ ಈ ವಿಜ್ಞಾನ ಕೆಲವೇ ವರ್ಷಗಳಲ್ಲಿ ಪೋಷಕರನ್ನೇ ಕಟಕಟೆಯಲ್ಲಿ ನಿಲ್ಲಿಸಿತು. ತಾಯಿಯ ತಣ್ಣನೆಯ ಮನಸ್ಸಿನಿಂದ ಮಗು ಹೀಗಾಗುತ್ತದೆ ಎಂಬ ವಾದ ಹುಟ್ಟಿತು. ಬ್ರೂನೊ ಬೆಟಲ್‌ಹೈಮ್ 1967ರ ತಮ್ಮ ಪುಸ್ತಕದಲ್ಲಿ ಅದನ್ನು ಜನಪ್ರಿಯಗೊಳಿಸಿದರು. ಆಟಿಸಂ ಇದ್ದ ಮಗನ ತಂದೆಯೂ ಮನೋವಿಜ್ಞಾನಿಯೂ ಆಗಿದ್ದ ಬರ್ನಾರ್ಡ್ ರಿಮ್ಲೆಂಡ್ 1964ರಲ್ಲೇ ಈ ವಾದಕ್ಕೆ ಆಧಾರವಿಲ್ಲವೆಂದು, ಕಾರಣ ಮಿದುಳಿನ ಬೆಳವಣಿಗೆಯಲ್ಲಿದೆಯೆಂದು ಬರೆದಿದ್ದರು. 1969ರಲ್ಲಿ ಪೋಷಕರ ಸಭೆಯೊಂದರಲ್ಲಿ ಸ್ವತಃ ಕ್ಯಾನರ್ ತಂದೆತಾಯಿಗಳನ್ನು ಆ ಆರೋಪದಿಂದ ಬಿಡುಗಡೆ ಮಾಡಿದರು. 1977ರಲ್ಲಿ ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೆಲ್ ರಟರ್ 21 ಅವಳಿ ಜೋಡಿಗಳನ್ನು ಪರೀಕ್ಷಿಸಿದರು. ತದ್ರೂಪಿ ಅವಳಿಗಳ 11 ಜೋಡಿಗಳಲ್ಲಿ 4ರಲ್ಲಿ ಇಬ್ಬರಿಗೂ ಆಟಿಸಂ ಇತ್ತು, ತದ್ರೂಪಿಗಳಲ್ಲದ 10 ಜೋಡಿಗಳಲ್ಲಿ ಒಂದರಲ್ಲೂ ಹಾಗಿರಲಿಲ್ಲ. ಒಂದೇ ಮನೆ, ಒಂದೇ ತಾಯಿ, ಒಂದೇ ಸಾಕಣೆ. ವ್ಯತ್ಯಾಸ ಬಂದದ್ದು ಹುಟ್ಟಿನಿಂದ. ಆಮೇಲಿನ ದೊಡ್ಡ ಅಧ್ಯಯನಗಳು ವಂಶವಾಹಿಗಳ ಪಾತ್ರವನ್ನು ಮತ್ತೆ ಮತ್ತೆ ದೃಢಪಡಿಸಿವೆ. ಹಾಗಿದ್ದೂ ಹಳೆಯ ಆರೋಪ ಹೊಸ ಬಟ್ಟೆ ತೊಟ್ಟು ನಮ್ಮ ನಡುವೆ ಓಡಾಡುತ್ತಿದೆ. ತಾಯಿ ಕೆಲಸಕ್ಕೆ ಹೋಗಿದ್ದರಿಂದ, ಬಸುರಿಯಾಗಿದ್ದಾಗ ಅತ್ತದ್ದರಿಂದ, ಮೊಬೈಲ್ ಕೊಟ್ಟದ್ದರಿಂದ ಎನ್ನುತ್ತಾರೆ. ಮೊಬೈಲು ಮಗುವಿನೊಡನೆ ಆಡುವ ಮಾತಿನ ಹೊತ್ತನ್ನು ಕದಿಯುತ್ತದೆ, ಅದನ್ನು ದೂರವಿಡುವುದು ಎಲ್ಲ ಮಕ್ಕಳಿಗೂ ಒಳ್ಳೆಯದು. ಆದರೆ ಕ್ಯಾನರ್ ಕಂಡ ಆ 11 ಮಕ್ಕಳ ಮನೆಗಳಲ್ಲಿ ಟಿ.ವಿ. ಕೂಡ ಇರಲಿಲ್ಲ ಎಂಬುದನ್ನು ನೆನಪಿಟ್ಟರೆ ಸಾಕು.

ಈಗ ವಾದದ ನಡುಮನೆಗೆ ಬರೋಣ. ಮಗುವಿಗೆ ಆಟಿಸಂ ಇದೆ ಎಂದು ಗೊತ್ತಾದ ಕೂಡಲೇ ಬಹಳಷ್ಟು ಕುಟುಂಬಗಳಿಗೆ ಸಿಗುವ ಸಲಹೆ, ಮನೆಯಲ್ಲಿ ಒಂದೇ ಭಾಷೆ ಆಡಿ ಎಂಬುದು. ಆ ಒಂದು ಭಾಷೆ ಸಾಮಾನ್ಯವಾಗಿ ಇಂಗ್ಲಿಷ್ ಆಗಿರುತ್ತದೆ. ಶಾಲೆ ಇಂಗ್ಲಿಷಿನದು, ಥೆರಪಿ ಇಂಗ್ಲಿಷಿನಲ್ಲಿ, ಎರಡು ಭಾಷೆ ಸೇರಿದರೆ ಮಗುವಿಗೆ ಗೊಂದಲ ಎಂಬುದು ಕಾರಣ. ಸಲಹೆ ಕೊಡುವವರ ಉದ್ದೇಶ ಒಳ್ಳೆಯದೇ, ಮೇಲ್ನೋಟಕ್ಕೆ ತರ್ಕವೂ ಸರಿ ಎನಿಸುತ್ತದೆ: ಒಂದು ಹೊರೆ ಹೊರಲಾರದವನಿಗೆ ಎರಡು ಏಕೆ? ಆದರೆ ಈ ತರ್ಕವನ್ನು ಪರೀಕ್ಷಿಸಿದಾಗ ಅದು ನಿಲ್ಲಲಿಲ್ಲ. ಕೆನಡಾದ ಕ್ಯಾಥರೀನ್ ಹ್ಯಾಂಬ್ಲಿ ಮತ್ತು ಎರಿಕ್ ಫೊಂಬೋನ್ ಆಟಿಸಂ ಹರವಿನ 75 ಮಕ್ಕಳನ್ನು ಹೋಲಿಸಿ 2012ರಲ್ಲಿ ವರದಿ ಮಾಡಿದರು. ಎರಡು ಭಾಷೆಗಳ ನಡುವೆ ಬೆಳೆದ ಮಕ್ಕಳಿಗೆ ಒಂದೇ ಭಾಷೆಯಲ್ಲಿ ಬೆಳೆದವರಿಗಿಂತ ಹೆಚ್ಚಿನ ಭಾಷಾ ವಿಳಂಬ ಇರಲಿಲ್ಲ. ಮುಂದೆ ಬೇರೆ ಬೇರೆ ದೇಶಗಳ, ಬೇರೆ ಬೇರೆ ಭಾಷಾಜೋಡಿಗಳ ಮಕ್ಕಳನ್ನು ನೋಡಿದ ಅಧ್ಯಯನಗಳೂ ಎರಡನೆಯ ಭಾಷೆ ಕೆಡುಕು ಮಾಡಿತೆಂದು ತೋರಿಸಿಲ್ಲ. ಮಾಂಟ್ರಿಯಲ್‌ನ ಅನಾ ಮರಿಯಾ ಗೊನ್ಸಾಲೆಸ್-ಬರೇರೊ ಮತ್ತು ಅಪರ್ಣಾ ನಡಿಗ್ ಅವರ ಅಧ್ಯಯನವಂತೂ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಒಂದು ನಿಯಮ ಬಿಟ್ಟು ಇನ್ನೊಂದಕ್ಕೆ ಹೊರಳಬೇಕಾದ ಆಟದಲ್ಲಿ, ಎರಡು ಭಾಷೆ ಬಲ್ಲ ಆಟಿಸಂ ಮಕ್ಕಳು ಒಂದೇ ಭಾಷೆ ಬಲ್ಲ ಆಟಿಸಂ ಮಕ್ಕಳಿಗಿಂತ ಸಲೀಸಾಗಿ ಹೊರಳಿದರು. ಹೊರಳುವುದೇ ಕಷ್ಟವಾದ ಮಕ್ಕಳ ಮಟ್ಟಿಗೆ ಇದು ಸಣ್ಣ ಮಾತಲ್ಲ.

ಇಲ್ಲಿ ನ್ಯಾಯವಾದ ಆಕ್ಷೇಪಣೆಗಳಿವೆ. ಈ ಅಧ್ಯಯನಗಳಲ್ಲಿ ಮಕ್ಕಳ ಸಂಖ್ಯೆ ಚಿಕ್ಕದು. ಕೊನೆಯದಾಗಿ ಹೇಳಿದ ಅಧ್ಯಯನದಲ್ಲಿ ಆಟಿಸಂ ಇದ್ದವರು ಇಪ್ಪತ್ತೇ ಮಕ್ಕಳು. ಬಹುಪಾಲು ಅಧ್ಯಯನಗಳು ಅಷ್ಟಿಷ್ಟು ಮಾತು ಬಂದ ಮಕ್ಕಳ ಮೇಲೆ ನಡೆದಿವೆ, ಮಾತೇ ಬಾರದ ಮಕ್ಕಳ ಬಗ್ಗೆ ಪುರಾವೆ ತೆಳುವಾಗಿದೆ. ಹೆಚ್ಚಿನವು ನಡೆದದ್ದು ಕೆನಡಾ, ಅಮೆರಿಕ, ಬ್ರಿಟನ್ನುಗಳಲ್ಲಿ, ಕಲಬುರಗಿಯಲ್ಲಾಗಲೀ ಕುಂದಾಪುರದಲ್ಲಾಗಲೀ ಅಲ್ಲ. ಇದೆಲ್ಲ ನಿಜ. ಆದರೆ ಪುರಾವೆಯ ಹೊಣೆ ಯಾರ ಮೇಲಿದೆ ಎಂಬುದನ್ನು ಕೇಳಿಕೊಳ್ಳಬೇಕು. ಮನೆಮಾತು ಮಗುವಿಗೆ ಹುಟ್ಟಿನಿಂದ ಬಂದ ಆಸ್ತಿ. ಅದನ್ನು ತೆಗೆದುಹಾಕಿ ಎನ್ನುವವರು, ತೆಗೆದರೆ ಲಾಭವಿದೆ ಎಂದು ತೋರಿಸಬೇಕು. ಅಂಥ ಪುರಾವೆ ಇಲ್ಲ. ನಷ್ಟವಂತೂ ಬರಿಗಣ್ಣಿಗೆ ಕಾಣುವಂಥದ್ದು. ಇಂಗ್ಲಿಷನ್ನು ಶಾಲೆಯಲ್ಲಿ ಮಾತ್ರ ಕಲಿತ ತಾಯಿಗೆ ಮಗುವಿನ ಮುಂದೆ ಅದನ್ನೇ ಆಡು ಎಂದರೆ ಏನಾಗುತ್ತದೆ? "ಸಿಟ್", "ಈಟ್", "ಕಮ್", "ನೋ" ಎಂಬ ಅಪ್ಪಣೆಗಳಷ್ಟೇ ಉಳಿಯುತ್ತವೆ. ಮುದ್ದು ಮಾಡುವ ಮಾತು, ರಾಗ ಎಳೆದು ಕರೆಯುವ ಕರೆ, ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾ ತನ್ನಷ್ಟಕ್ಕೆ ಹೇಳಿಕೊಳ್ಳುವ ಮಾತು, ಹಾಡು, ಒಗಟು ಎಲ್ಲ ನಿಂತುಹೋಗುತ್ತವೆ. ಅಜ್ಜಿ ತಾತ ಮೂಕರಾಗುತ್ತಾರೆ. ಮೊದಲೇ ಮಾತು ಕಡಿಮೆ ಇರುವ ಮಗುವಿನ ಸುತ್ತ ಮಾತನ್ನು ಇನ್ನಷ್ಟು ಕಡಿಮೆ ಮಾಡುವ ಸಲಹೆ ಅದು.

ಮನೆಮಾತು ಎಂದಾಗ ನಾನು ಕನ್ನಡವೊಂದನ್ನೇ ಹೇಳುತ್ತಿಲ್ಲ. ಮಂಗಳೂರಿನ ಮನೆಯಲ್ಲಿ ತುಳು ಅಥವಾ ಕೊಂಕಣಿ ಅಥವಾ ಬ್ಯಾರಿ, ಕೊಡಗಿನಲ್ಲಿ ಕೊಡವ, ಬೀದರ್ ಕಡೆ ಉರ್ದು, ಬೆಳಗಾವಿಯಲ್ಲಿ ಮರಾಠಿ, ಕೋಲಾರ ಬಳ್ಳಾರಿಗಳಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ ಮನೆಮಾತಾಗಿವೆ. ಇಂಥ ನಾಡಿನಲ್ಲಿ ಒಂದೇ ಭಾಷೆ ಎಂಬ ಸಲಹೆಯನ್ನು ಪಾಲಿಸುವುದೇ ಆಗದ ಮಾತು. ಬಾಗಿಲು ತೆಗೆದರೆ ಇನ್ನೊಂದು ಭಾಷೆ ಒಳಗೆ ಬರುತ್ತದೆ. ಕೆಲಸಕ್ಕಾಗಿ ಪುಣೆಗೋ ದುಬೈಗೋ ಹೋದ ಕನ್ನಡ ಕುಟುಂಬಗಳಿಗೂ ಈ ಮಾತು ಅನ್ವಯಿಸುತ್ತದೆ. ಅಲ್ಲಿ ಮನೆಯ ಹೊರಗೆ ಕನ್ನಡವೇ ಇಲ್ಲದಿರುವುದರಿಂದ, ಮನೆಯೊಳಗೂ ಅದನ್ನು ಬಿಟ್ಟರೆ ಮಗು ಊರಿಗೆ ಬಂದಾಗ ತನ್ನವರ ನಡುವೆಯೇ ಪರಕೀಯವಾಗುತ್ತದೆ. ಹಾಗೆಂದು ಇಂಗ್ಲಿಷ್ ಬೇಡ ಎಂಬುದು ನನ್ನ ವಾದವಲ್ಲ. ಶಾಲೆಗೆ ಬೇಕಾದ ಭಾಷೆ ಶಾಲೆಯಿಂದ ಬರಲಿ, ಮನೆಯವರಿಗೆ ಸಹಜವಾಗಿ ಬರುವ ಭಾಷೆ ಮನೆಯಲ್ಲಿರಲಿ, ಒಂದಕ್ಕಾಗಿ ಇನ್ನೊಂದನ್ನು ಬಲಿ ಕೊಡುವುದು ಬೇಡ ಎಂಬಷ್ಟೇ.

ಇದು ತಜ್ಞರ ಕೆಲಸ, ಮನೆಯವರ ಮಾತಿನಿಂದ ಏನಾದೀತು ಎಂದು ಕೇಳುವವರಿದ್ದಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್, ಪ್ರತಿಭಾ ಕಾರಂತರು ಬೆಂಗಳೂರಿನಲ್ಲಿ ಕಟ್ಟಿದ ಕಾಮ್ ಡೀಲ್‌ನಂಥ ಸಂಸ್ಥೆಗಳು ಮಾಡಿರುವ ಕೆಲಸವನ್ನು ಬಲ್ಲ ಯಾರೂ ತಜ್ಞರನ್ನು ಹಗುರವಾಗಿ ಕಾಣಲಾರರು. ಆದರೆ ತಜ್ಞರು ಇರುವುದು ನಗರಗಳಲ್ಲಿ, ಮಕ್ಕಳು ಇರುವುದು ಎಲ್ಲ ಕಡೆ. ಸ್ಪೀಚ್ ಥೆರಪಿಗೆ ವಾರಕ್ಕೆ ಎರಡು ಗಂಟೆ ಸಿಕ್ಕರೂ ಉಳಿದ ಗಂಟೆಗಳೆಲ್ಲ ಮನೆಯಲ್ಲೇ ಕಳೆಯಬೇಕು. ನಮ್ಮ ಪಕ್ಕದ ಗೋವಾದಲ್ಲೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲೂ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗವೊಂದು ಇಲ್ಲಿ ದಾರಿ ತೋರಿಸುತ್ತದೆ. ಬ್ರಿಟನ್ನಿನಲ್ಲಿ ತಜ್ಞರು ಮಾಡುತ್ತಿದ್ದ ಒಂದು ಕ್ರಮವನ್ನು ಇಲ್ಲಿನ ಮನೆಗಳಿಗೆ ಒಗ್ಗಿಸಿ, ತಜ್ಞರಲ್ಲದ, ತರಬೇತಿ ಪಡೆದ ಕಾರ್ಯಕರ್ತರ ಕೈಗೆ ಕೊಟ್ಟರು. 2ರಿಂದ 9 ವರ್ಷದ 65 ಮಕ್ಕಳ ಕುಟುಂಬಗಳು ಪಾಲ್ಗೊಂಡವು. ಹದಿನೈದು ದಿನಕ್ಕೊಮ್ಮೆಯಂತೆ ಆರು ತಿಂಗಳು ಕಾರ್ಯಕರ್ತರು ಬಂದರು. ತಾಯಿ ಮಗು ಆಡುವುದನ್ನು ವಿಡಿಯೊ ಮಾಡಿ, ತಾಯಿಯ ಜೊತೆ ಕೂತು ನೋಡಿ, ಮಗು ಎಲ್ಲಿ ಕಣ್ಣು ಹಾಯಿಸಿತು, ಯಾವ ಸನ್ನೆ ಮಾಡಿತು, ಆಗ ಏನು ಹೇಳಬಹುದಿತ್ತು ಎಂದು ಚರ್ಚಿಸಿದರು. ಮಗುವಿನ ಗಮನ ಇರುವ ಕಡೆಗೇ ತನ್ನ ಮಾತನ್ನು ಹೊಂದಿಸುವುದನ್ನು ಪೋಷಕರು ಕಲಿತರು. ಮಕ್ಕಳು ತಾವಾಗಿ ಪೋಷಕರ ಕಡೆ ತಿರುಗಿ ಸಂವಹನ ಶುರುಮಾಡುವುದು ಹೆಚ್ಚಿತು. ಎಲ್ಲ ಅಳತೆಯಲ್ಲೂ ಗೆಲುವು ಸಿಗಲಿಲ್ಲ, ಇಬ್ಬರೂ ಒಟ್ಟಿಗೆ ಗಮನ ಹಂಚಿಕೊಂಡ ಸಮಯದ ಅಳತೆಯಲ್ಲಿ ಹಿನ್ನಡೆಯೂ ಕಂಡಿತು. ಆದರೂ ಮೂಲ ಸಂಗತಿ ಗಟ್ಟಿ: ಸರಿಯಾಗಿ ತೋರಿಸಿಕೊಟ್ಟರೆ ಪೋಷಕರು ಬದಲಾಗುತ್ತಾರೆ, ಅದಕ್ಕೆ ಮಗು ಸ್ಪಂದಿಸುತ್ತದೆ. ಈ ಕ್ರಮದ ಜೀವವೆಲ್ಲ ಪೋಷಕರ ಸಹಜ ಮಾತಿನಲ್ಲಿದೆ. ಬಾರದ ಭಾಷೆಯಲ್ಲಿ ಯಾರೂ ಮಗುವಿನ ಕಣ್ಣಿನ ವೇಗಕ್ಕೆ ಮಾತನ್ನು ಹೊಂದಿಸಲಾರರು.

ಆಟಿಸಂ ಪಟ್ಟಣದ ಓದಿದವರ ಮನೆಯ ಸಮಸ್ಯೆ, ಹಳ್ಳಿಗೆ ಇದನ್ನೇಕೆ ಒಯ್ಯುತ್ತೀರಿ ಎಂಬುದು ಇನ್ನೊಂದು ಆಕ್ಷೇಪಣೆ. ಈ ಭ್ರಮೆಗೂ ಇತಿಹಾಸವಿದೆ. ಕ್ಯಾನರ್ ಕಂಡ ಮಕ್ಕಳ ತಂದೆತಾಯಿಯರು ಹೆಚ್ಚಾಗಿ ವಕೀಲರು, ವೈದ್ಯರು, ಪ್ರಾಧ್ಯಾಪಕರು. ಬಾಲ್ಟಿಮೋರ್‌ವರೆಗೆ ಬರುವ ಶಕ್ತಿ ಇದ್ದವರು ಅವರೇ, ಹಾಗಾಗಿ ಕಂಡವರೂ ಅವರೇ. ಲಂಡನ್ನಿನ ಕ್ಯಾಂಬರ್‌ವೆಲ್ ಪ್ರದೇಶದಲ್ಲಿ ಲಾರ್ನಾ ವಿಂಗ್ ಮತ್ತು ಜೂಡಿತ್ ಗೂಲ್ಡ್ 1970ರ ದಶಕದಲ್ಲಿ ಆಸ್ಪತ್ರೆಗೆ ಬಂದವರನ್ನಷ್ಟೇ ನೋಡದೆ, ಆ ಪ್ರದೇಶದ ಮಕ್ಕಳಲ್ಲೇ ಹುಡುಕಿದಾಗ, ವರ್ಗಕ್ಕೂ ಆಟಿಸಂಗೂ ಇದ್ದಂತೆ ಕಂಡ ನಂಟು ಕರಗಿಹೋಯಿತು. ನಮ್ಮಲ್ಲಿ ಹರಿಯಾಣದ ಪಲ್ವಲ್, ಹಿಮಾಚಲದ ಕಾಂಗ್ರಾ, ಒಡಿಶಾದ ಢೆಂಕಾನಾಲ್, ಉತ್ತರ ಗೋವಾ, ಹೈದರಾಬಾದ್ ಈ ಐದು ಕಡೆ 2ರಿಂದ 9 ವರ್ಷದ ಸುಮಾರು 4,000 ಮಕ್ಕಳನ್ನು ಮನೆಮನೆಗೆ ಹೋಗಿ ಪರೀಕ್ಷಿಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಆಟಿಸಂ ಇದ್ದ ಮಕ್ಕಳ ಪ್ರಮಾಣ ಸುಮಾರು ನೂರಕ್ಕೊಂದು. ಜಗತ್ತಿನ ಅಂದಾಜೂ ಅದರ ಆಸುಪಾಸಿನಲ್ಲೇ ಇದೆ. ನಮ್ಮ ರಾಜ್ಯದಲ್ಲಿ 65,000ಕ್ಕೂ ಹೆಚ್ಚು ಅಂಗನವಾಡಿಗಳಿವೆ. ಒಂದೊಂದರಲ್ಲಿ ಮೂವತ್ತು ಮಕ್ಕಳಿದ್ದರೂ, ಮೂರು ಅಂಗನವಾಡಿಗೆ ಹೆಚ್ಚುಕಡಿಮೆ ಒಂದು ಮಗು ಎಂದಾಯಿತು. ಆ ಮಗು ಈಗಾಗಲೇ ಹಳ್ಳಿಯಲ್ಲಿದೆ. ನಾವು ಒಯ್ಯಬೇಕಾದದ್ದು ಅದನ್ನು ಗುರುತಿಸುವ ಕಣ್ಣನ್ನು ಮಾತ್ರ.

ಹೆಸರಿಟ್ಟರೆ ಕಳಂಕ ಅಂಟುತ್ತದೆ, ಅಕ್ಕನ ಮದುವೆಗೆ ಅಡ್ಡಿಯಾಗುತ್ತದೆ, ತಡವಾಗಿಯಾದರೂ ಮಾತು ಬಂದೇ ಬರುತ್ತದೆ ಎಂಬ ಅಂಜಿಕೆಯ ಮಾತುಗಳಿಗೂ ಉತ್ತರ ಕೊಡಬೇಕು. ಮಾತು ತಡವಾದ ಮಕ್ಕಳಲ್ಲಿ ಅನೇಕರು ತಾವಾಗಿಯೇ ಸರಿದೂಗುತ್ತಾರೆ, ಅದು ಸುಳ್ಳಲ್ಲ. ಗಂಡುಮಕ್ಕಳಿಗೆ ಮಾತು ತಡ ಎಂದು ಹಿರಿಯರು ಹೇಳುವುದು, ಬಜೆ ತೇಯ್ದು ನಾಲಗೆಗೆ ಹಚ್ಚುವುದು ಅಂಥ ಅನುಭವದಿಂದಲೇ ಬಂದಿರಬೇಕು. ಆದರೆ ಬರೀ ಮಾತು ತಡವಾದ ಮಗು ಬೆರಳು ಮಾಡಿ ತೋರಿಸುತ್ತದೆ, ಕಣ್ಣಿನಲ್ಲೇ ಕೇಳುತ್ತದೆ, ಸನ್ನೆಯಲ್ಲಿ ಜಗಳವಾಡುತ್ತದೆ. ಅದೂ ಇಲ್ಲದಿದ್ದರೆ ಕಾಯಬಾರದು. ಮೊದಲು ಕಿವಿ ಪರೀಕ್ಷೆ ಮಾಡಿಸಬೇಕು, ಕಿವಿ ಸರಿಯಿದ್ದರೆ ಮುಂದಿನ ತಪಾಸಣೆಗೆ ಹೋಗಬೇಕು. ಕಳಂಕದ ಮಾತಿಗೆ ಬಂದರೆ, ಆಟಿಸಂ ಎಂಬ ಹೆಸರು ಸಿಗದ ಮಗು ಹೆಸರಿಲ್ಲದೆ ಉಳಿಯುವುದಿಲ್ಲ. ಹಟಮಾರಿ, ಪೆದ್ದ, ಮೂಗ, ಹುಚ್ಚ, ಗಾಳಿ ಸೋಕಿದವನು ಎಂಬ ಹೆಸರುಗಳನ್ನು ಊರು ಬಿಟ್ಟಿಯಾಗಿ ಕೊಡುತ್ತದೆ. ಅವುಗಳ ಜಾಗದಲ್ಲಿ ಒಂದು ಸರಿಯಾದ ಹೆಸರನ್ನು ಇಡುವುದು ಕಳಂಕವನ್ನು ಹೆಚ್ಚಿಸುವ ಕೆಲಸವಲ್ಲ.

ಹೆಸರಿನ ಮಾತು ಬಂದದ್ದರಿಂದ ನಮ್ಮ ಸರ್ಕಾರಿ ಕನ್ನಡದ ಬಗ್ಗೆಯೂ ಒಂದಿಷ್ಟು ಹೇಳಬೇಕು. ಆಟಿಸಂಗೆ ನಾವು ಮಾಡಿಕೊಂಡ ಪದ ಸ್ವಲೀನತೆ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಆಯ್ಗೆನ್ ಬ್ಲಾಯ್ಲರ್ ಗ್ರೀಕ್ ಭಾಷೆಯ 'ತಾನು' ಎಂಬ ಪದದಿಂದ ಆಟಿಸಂ ಎಂದು ಮೊದಲು ಹೆಸರಿಟ್ಟದ್ದು ಸ್ಕಿಜೋಫ್ರೇನಿಯಾದ ಒಂದು ಲಕ್ಷಣಕ್ಕೆ. ಅದರ ತದ್ವತ್ ಅನುವಾದ ನಮ್ಮ ಪದ. ತನ್ನಲ್ಲೇ ಮುಳುಗಿದವನು, ಹೊರಗಿನವರು ಬೇಡವಾದವನು ಎಂಬ ತಪ್ಪು ಭಾವನೆ ಅದರಲ್ಲಿ ಅಡಗಿದೆ. ಮಗುವಿಗೆ ಜನ ಬೇಡವೆಂದಲ್ಲ, ಜನರನ್ನು ಸೇರುವ ದಾರಿ ಕಷ್ಟ. ಜನ ಆಟಿಸಂ ಎಂದೇ ಹೇಳುತ್ತಿದ್ದಾರೆ, ಬಸ್ಸು ಆಸ್ಪತ್ರೆಗಳಂತೆ ಅದೂ ಕನ್ನಡವಾಗಲಿ. ಪದಕ್ಕಿಂತ ಮುಖ್ಯವಾದದ್ದು ಪ್ರಶ್ನೆ. ಅಂಗವಿಕಲತೆಯ ಪ್ರಮಾಣಪತ್ರಕ್ಕಾಗಿ ಬಳಸುವ ಭಾರತೀಯ ಮಾಪನದಲ್ಲಿ 40 ಅಂಶಗಳಿವೆ, ಒಂದೊಂದಕ್ಕೂ 1ರಿಂದ 5 ಅಂಕ, ಒಟ್ಟು 70 ಅಥವಾ ಅದಕ್ಕಿಂತ ಹೆಚ್ಚಾದರೆ ಆಟಿಸಂ. ಈ ಅಂಕಗಳು ಬಹುಮಟ್ಟಿಗೆ ತಾಯಿ ಕೊಡುವ ಉತ್ತರದ ಮೇಲೆ ನಿಂತಿವೆ. ದೃಷ್ಟಿ ಸಂಪರ್ಕದ ಕೊರತೆ ಇದೆಯೇ ಎಂದು ಕೇಳಿದರೆ ಆಕೆ ಕಣ್ಣು ಚೆನ್ನಾಗಿದೆ ಸಾರ್ ಎನ್ನುತ್ತಾಳೆ. ಮುಖ ಕೊಟ್ಟು ನೋಡ್ತಾನಾ ಎಂದು ಕೇಳಿದರೆ ನಿಜ ಸಂಗತಿ ಹೊರಬರುತ್ತದೆ. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ಟ್ರಸ್ಟ್ ಕಾಯ್ದೆಯಲ್ಲಿ ಬಂತು. 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದ 2016ರ ಕಾಯ್ದೆಯಲ್ಲಿ ಗಟ್ಟಿಯಾಗಿ ನೆಲೆಗೊಂಡಿತು. 40 ಪ್ರತಿಶತ ಅಂಗವೈಕಲ್ಯ ದೃಢಪಟ್ಟ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ, ರಾಷ್ಟ್ರೀಯ ಟ್ರಸ್ಟಿನ ನಿರಾಮಯ ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ ಇದೆ. ಇವೆಲ್ಲದರ ಬಾಗಿಲು ಆ 40 ಪ್ರಶ್ನೆಗಳು. ಪ್ರಶ್ನೆ ಅರ್ಥವಾಗದಿದ್ದರೆ ಬಾಗಿಲು ತೆರೆಯುವುದಿಲ್ಲ.

ನಿಜ ಕನ್ನಡ ಕಲಿಯಲು ತಡಮಾಡಿದಾಗ ಸುಳ್ಳು ಆ ಜಾಗ ಹಿಡಿಯುತ್ತದೆ. ದಡಾರ ಲಸಿಕೆಯಿಂದ ಆಟಿಸಂ ಬರುತ್ತದೆಂದು 12 ಮಕ್ಕಳ ಆಧಾರದ ಮೇಲೆ 1998ರಲ್ಲಿ ಸೂಚಿಸಿದ ಆ್ಯಂಡ್ರ್ಯೂ ವೇಕ್‌ಫೀಲ್ಡ್ ಪ್ರಬಂಧವನ್ನು ಲ್ಯಾನ್ಸೆಟ್ ಪತ್ರಿಕೆ 2010ರಲ್ಲಿ ಹಿಂಪಡೆಯಿತು. ಅದೇ ವರ್ಷ ಬ್ರಿಟನ್ನಿನ ವೈದ್ಯರ ನೋಂದಣಿಯಿಂದ ಅವರ ಹೆಸರನ್ನು ತೆಗೆದುಹಾಕಲಾಯಿತು. ಡೆನ್ಮಾರ್ಕಿನ 6,57,461 ಮಕ್ಕಳನ್ನು ಗಮನಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಲಸಿಕೆಗೂ ಆಟಿಸಂಗೂ ಯಾವ ನಂಟೂ ಸಿಗಲಿಲ್ಲ. ಆದರೆ ಆ ಹಳೆಯ ಸುಳ್ಳು ವಾಟ್ಸಾಪ್‌ನಲ್ಲಿ ಅಚ್ಚಗನ್ನಡದಲ್ಲಿ ಇವತ್ತಿಗೂ ಓಡಾಡುತ್ತಿದೆ, ಅದರ ನಿರಾಕರಣೆ ಇಂಗ್ಲಿಷಿನಲ್ಲೇ ಉಳಿದಿದೆ.

ಕೊನೆಯ ಆಕ್ಷೇಪಣೆ ಆಟಿಸಂ ಇರುವ ವಯಸ್ಕರಿಂದಲೇ ಬಂದದ್ದು, ಹಾಗಾಗಿ ಎಲ್ಲಕ್ಕಿಂತ ಗೌರವದಿಂದ ಕೇಳಬೇಕಾದದ್ದು. ನಮ್ಮನ್ನು ನಿಮ್ಮಂತೆ ಮಾಡಲು ಏಕೆ ಹೆಣಗುತ್ತೀರಿ, ನಾವು ಬೇರೆ ಬಗೆಯವರು ಎಂದು ಒಪ್ಪಿಕೊಂಡರೆ ಸಾಲದೇ ಎಂದು ಅವರು ಕೇಳುತ್ತಾರೆ. ಸಾಲುತ್ತದೆ, ಒಪ್ಪಿಕೊಳ್ಳುವುದಕ್ಕೆ ಪರಸ್ಪರ ಅರ್ಥವಾಗುವ ಒಂದು ದಾರಿ ಇದ್ದರೆ. ಮಗುವಿಗೆ ಹಲ್ಲು ನೋಯುತ್ತಿದೆ, ಹೇಳಲು ಬರುತ್ತಿಲ್ಲ, ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದೆ ಎಂದಾಗ, ನೋವು ಎಂದು ತಿಳಿಸುವ ಉಪಾಯವನ್ನು ಕಲಿಸುವುದು ಆ ಮಗುವನ್ನು ನಮ್ಮಂತೆ ಮಾಡುವುದಲ್ಲ. ಆ ಉಪಾಯ ಬಾಯಿಮಾತೇ ಆಗಬೇಕಿಲ್ಲ. ಸನ್ನೆಯಾಗಬಹುದು, ಚಿತ್ರದ ಕಾರ್ಡ್ ಆಗಬಹುದು, ಮುಟ್ಟಿದರೆ ಮಾತಾಡುವ ಟ್ಯಾಬ್ ಆಗಬಹುದು. ಇವನ್ನು ಕೊಟ್ಟರೆ ಮಗು ಮಾತಾಡುವುದನ್ನೇ ಬಿಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಆದರೆ ಕಾರ್ಡಿನಲ್ಲಿ ಸ್ಯಾಂಡ್‌ವಿಚ್ಚಿನ ಚಿತ್ರವಿದ್ದು ತಟ್ಟೆಯಲ್ಲಿ ಮುದ್ದೆ ಇದ್ದರೆ ಪ್ರಯೋಜನವೇನು? ಮುದ್ದೆ, ರೊಟ್ಟಿ, ಚೊಂಬು, ಜೋಲಿ, ಬಚ್ಚಲು, ಅಜ್ಜಿ ಇರುವ ಕಾರ್ಡು ಬೇಕು. ಚಿತ್ರಕ್ಕೂ ಮನೆಮಾತು ಇದೆ.

ಇದಕ್ಕೆಲ್ಲ ಹೊಸ ಇಲಾಖೆ ಬೇಕಿಲ್ಲ. ಪ್ರತಿ ಗರ್ಭಿಣಿಯ ಕೈಗೂ ಬರುವ ತಾಯಿ ಕಾರ್ಡ್ ಇದೆ, ಅದರಲ್ಲಿ ಮಗುವಿನ ಬೆಳವಣಿಗೆಯ ಮೈಲಿಗಲ್ಲುಗಳ ಚಿತ್ರಗಳಿವೆ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ, ಅದರ ತಂಡಗಳು ಅಂಗನವಾಡಿಗೂ ಶಾಲೆಗೂ ಹೋಗಬೇಕೆಂಬ ನಿಯಮವಿದೆ. ಚುಚ್ಚುಮದ್ದಿನ ದಿನ ಮಗುವನ್ನು ನೋಡುವ ಆಶಾ ಕಾರ್ಯಕರ್ತೆ ಇದ್ದಾರೆ. ಇವರು ಕೇಳುವ ಪ್ರಶ್ನೆಗಳು ಆಡುಮಾತಿನಲ್ಲಿರಲಿ. ತಪಾಸಣೆಯ ವರದಿಯ ಸಾರಾಂಶ ಒಂದು ಪುಟದಷ್ಟಾದರೂ ಕನ್ನಡದಲ್ಲಿ ಪೋಷಕರ ಕೈ ಸೇರಲಿ. ಮಗುವಿನ ಮುಂದೆ ನಿಮ್ಮ ಭಾಷೆ ಆಡಬೇಡಿ ಎಂಬ ಸಲಹೆಯನ್ನು ಕೊಡುವವರು ಇನ್ನು ಮುಂದೆ ಪುರಾವೆ ಸಮೇತ ಕೊಡಲಿ. ಕನ್ನಡದ ಬರಹಗಾರರು, ಮಕ್ಕಳ ಪತ್ರಿಕೆಗಳು, ಆಕಾಶವಾಣಿ ಕೇಂದ್ರಗಳು ಏಪ್ರಿಲ್ 2 ಕಳೆದ ಮೇಲೂ ಈ ಮಾತನ್ನು ಆಡುತ್ತಿರಲಿ.

ಸಭಿಕರಲ್ಲಿ ನನ್ನದೊಂದು ವಿನಂತಿ. ನೆಂಟರಿಷ್ಟರ ಮನೆಗೆ ಹೋದಾಗ ವರ್ಷ ತುಂಬಿದ ಮಗುವನ್ನು ಕಂಡರೆ, ಮಾತಾಡ್ತಾನಾ, ಎಷ್ಟು ಪದ ಹೇಳ್ತಾನೆ ಎಂದು ಕೇಳುವುದು ನಮ್ಮ ಅಭ್ಯಾಸ. ಅದರ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿ: "ಚಂದಮಾಮನ್ನ ತೋರಿಸ್ತಾನಾ?" ಇಲ್ಲ ಎಂಬ ಉತ್ತರ ಬಂದರೆ, ಹೆದರಿಸದೆ, ದೂರದೆ, ಒಮ್ಮೆ ವೈದ್ಯರಿಗೆ ತೋರಿಸಿ ಎನ್ನಿ. ಅಲ್ಲಿಯವರೆಗೂ, ಆಮೇಲೂ, ಮಗುವಿನ ಜೊತೆ ನಿಮ್ಮ ಮನೆಮಾತಿನಲ್ಲೇ ಮಾತಾಡುತ್ತಿರಿ ಎಂದು ಧೈರ್ಯವಾಗಿ ಹೇಳಿ.